ಸಂಘದ ಕೋಣೆಗೆ ಬೀಗವೇಕೆ?



ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಅರ್ಜಿ ಬಂದಿತ್ತು. ಬರೆದವರು ನಾಲ್ವರು, ನಾಲ್ವರೂ ನಮ್ಮ ಸಂಘದ ಸದಸ್ಯರು. ಒಬ್ಬರು ಅಡುಗೆಯವರು, ಇಬ್ಬರು ಮಾಣಿಗಳು, ಮತ್ತೊಬ್ಬರು ಮಿಲ್ಲು ಮುಚ್ಚಿದ ಮೇಲೆ ವಾಚ್‌ಮನ್ ಕೆಲಸ ಹಿಡಿದ ಹಿರಿಯರು. ಅವರು ಹಣ ಕೇಳಲಿಲ್ಲ. ಸಾಲ ಕೇಳಲಿಲ್ಲ. ವಾರಕ್ಕೆ ಎರಡು ದಿನ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಸಂಘದ ಕೋಣೆಯನ್ನು ತಮಗೆ ಬಿಟ್ಟುಕೊಡಬೇಕು, ಅದಕ್ಕೆ ತಾವೇ ಬಾಡಿಗೆ ಕೊಡುತ್ತೇವೆ ಎಂದು ಕೇಳಿಕೊಂಡಿದ್ದರು. ಕಾರಣವನ್ನೂ ಮುಚ್ಚಿಡಲಿಲ್ಲ. ನಾವು ಕುಡಿತದಿಂದ ಹಾಳಾಗಿ, ಈಗ ಬಿಟ್ಟು ನಿಂತಿರುವವರು. ನಮ್ಮಂಥವರು ಒಟ್ಟಿಗೆ ಕೂತು ಮಾತಾಡಿಕೊಳ್ಳುವ ಸಭೆ ನಡೆಸಬೇಕೆಂದಿದ್ದೇವೆ ಎಂದು ನೇರವಾಗಿ ಬರೆದಿದ್ದರು.

ಸಮಿತಿ ಆ ಅರ್ಜಿಯನ್ನು ಹತ್ತು ನಿಮಿಷದಲ್ಲಿ ತಳ್ಳಿಹಾಕಿತು. "ಸಂಘ ಕುಡುಕರ ಅಡ್ಡೆಯಲ್ಲ" ಎಂದು ಒಬ್ಬರೆಂದರು. "ಹೆಂಗಸರು ಮಕ್ಕಳು ಬರುವ ಜಾಗ" ಎಂದು ಇನ್ನೊಬ್ಬರೆಂದರು. "ಸಂಘದ ಹೆಸರು ಕೆಡುತ್ತದೆ" ಎಂದು ಮೂವರು ಒಟ್ಟಿಗೇ ಎಂದರು. ವಿರುದ್ಧವಾಗಿ ಕೈ ಎತ್ತಿದವರು ನಾವೂ ಸೇರಿ ಇಬ್ಬರೇ. ಆದುದರಿಂದ ಸಮಿತಿಯಲ್ಲಿ ಸೋತ ಮಾತನ್ನು ಇಂದು ಸದಸ್ಯರಾದ ನಿಮ್ಮ ಮುಂದೆ ಇಡುತ್ತಿದ್ದೇವೆ. ಸಂಘ ಸಮಿತಿಯದಲ್ಲ, ನಿಮ್ಮದು. ಕೋಣೆಯೂ ನಿಮ್ಮದು.

ಮೊದಲು ಆ ಕೋಣೆಯ ಸಂಗತಿ ಕೇಳಿ. ಬೆಳಿಗ್ಗೆ ಅದರ ಬೀಗ ತೆರೆಯುವುದಿಲ್ಲ. ಮಧ್ಯಾಹ್ನವೂ ತೆರೆಯುವುದಿಲ್ಲ. ಸಂಜೆ ಏಳಕ್ಕೆ ತೆರೆದರೆ ನಾಲ್ಕು ಜನ ಕೇರಂ ಆಡುತ್ತಾರೆ, ಇಬ್ಬರು ಪೇಪರು ನೋಡುತ್ತಾರೆ. ಮಧ್ಯಾಹ್ನ ಮೂರೂವರೆಗೆ ಅಲ್ಲಿರುವುದು ಕುರ್ಚಿಗಳು ಮತ್ತು ಜಿರಳೆಗಳು ಮಾತ್ರ. ಖಾಲಿ ಬಿದ್ದ ಕೋಣೆಯನ್ನು ಬಾಡಿಗೆ ಕೊಟ್ಟೇ ಕೇಳಿದವರಿಗೆ ಇಲ್ಲವೆಂದದ್ದು ಯಾಕೆ?

ಹೆಸರು ಕೆಡುತ್ತದೆಯಂತೆ! ಹೆಸರಿನ ಮಾತೆತ್ತಿದಿರಾದರೆ ಕೇಳಿ. ಹೋದ ವರ್ಷದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯನ್ನು ತೆರೆದು ನೋಡಿ. ಒಳಪುಟದಲ್ಲಿ ಬಾರು ಮತ್ತು ರೆಸ್ಟೊರೆಂಟುಗಳ ಜಾಹೀರಾತು ಎಷ್ಟು ಇವೆಯೆಂದು ಎಣಿಸಿ. ಅಂದು ರಾತ್ರಿ ಯಕ್ಷಗಾನ ಮುಗಿದ ಮೇಲೆ ದೊಡ್ಡ ದಾನಿಗಳೊಂದಿಗೆ ನಮ್ಮ ಮುಖಂಡರು ಕೆಲವರು ಎಲ್ಲಿ ಕೂತರು, ಯಾವಾಗ ಎದ್ದರು ಎಂಬುದೂ ನಮಗೆ ಗೊತ್ತಿದೆ. ಆ ಕುಡಿತದಿಂದ ಹೆಸರು ಕೆಡಲಿಲ್ಲ, ಅದು ಗೌರವದ ಕುಡಿತ. ಕುಡಿಯುವುದಿಲ್ಲವೆಂದು ಪಣ ತೊಟ್ಟವರು ಕೂತು ಚಹಾ ಕುಡಿದರೆ ಹೆಸರು ಕೆಡುತ್ತದೆ. ಇದು ಯಾವ ಊರಿನ ನ್ಯಾಯ?

ಇಷ್ಟು ಕಟುವಾಗಿ ಬರೆಯುವ ಅಧಿಕಾರ ನಮಗೆಲ್ಲಿಂದ ಬಂತೆಂದು ಕೇಳಬಹುದು. ನಮ್ಮ ತಪ್ಪಿನಿಂದಲೇ ಬಂತು. ಅದನ್ನೂ ಹೇಳಿಬಿಡುತ್ತೇವೆ.

ನಾವು ಏಳನೇ ಇಯತ್ತೆ ಮುಗಿಸಿ ಮುಂಬಯಿಗೆ ಬಂದವರು. ಕಪ್ಪು-ಬಶಿ ತೊಳೆದು, ಟೇಬಲು ಒರೆಸಿ, ಮಾಣಿಯಾಗಿ, ಹನ್ನೊಂದು ವರ್ಷ ಹೋಟೆಲಿನ ಹೊಗೆ ಕುಡಿದ ಮೇಲೆ ಸಂಘದ ಕೆಲಸಕ್ಕೆ ಇಳಿದವರು. ಇಳಿದ ಎರಡನೇ ವರ್ಷ ಒಬ್ಬ ದೋಸೆ ಹುಯ್ಯುವವರ ಪ್ರಕರಣ ಬಂತು. ಬೆಳಿಗ್ಗೆ ಐದಕ್ಕೆ ಹಂಚಿನ ಮುಂದೆ ನಿಂತರೆ ರಾತ್ರಿ ಹನ್ನೊಂದಕ್ಕೆ ಬಿಡುಗಡೆ. ಮಲಗುವುದು ಅಟ್ಟದ ಮೇಲೆ ಅಕ್ಕಿ ಮೂಟೆಯ ಪಕ್ಕದಲ್ಲಿ. ಹೆಂಡತಿ ಮಕ್ಕಳು ಕುಂದಾಪುರದ ಕಡೆ. ಮೊದಲು ಮೈಕೈ ನೋವಿಗೆಂದು ರಾತ್ರಿ ಒಂದು ಕ್ವಾರ್ಟರು. ಆಮೇಲೆ ನಿದ್ದೆಗೆಂದು. ಆಮೇಲೆ ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಂದು. ನಡುಗುವ ಕೈಯಲ್ಲಿ ದೋಸೆ ಹುಯ್ಯಲಾಗದು, ಕುಡಿದರೆ ನಡುಕ ನಿಲ್ಲುತ್ತದೆ. ಅಲ್ಲಿಗೆ ಬಂದು ನಿಂತಿತ್ತು ಅವರ ಬಾಳು. ಧಣಿ ಹೊರಹಾಕಿದ. ನಾವು ಜಗಳಾಡಿ, ಹಿಂದಿನ ಪಗಾರದ ಸಮೇತ ಕೆಲಸಕ್ಕೆ ಮರಳಿ ಸೇರಿಸಿದೆವು. ದೊಡ್ಡ ಗೆಲುವೆಂದು ಹಿಗ್ಗಿದೆವು.

ಆಮೇಲೆ ಮಾಡಿದ್ದೇನು? ಅವರನ್ನು ಸಂಘದ ಕೋಣೆಗೆ ಕರೆಸಿ, ದೀಪ ಹಚ್ಚಿ, ಹತ್ತು ಜನರ ಮುಂದೆ ಆಣೆ ಹಾಕಿಸಿದೆವು. "ಗಂಡಸಾಗಿ ಮನಸ್ಸು ಗಟ್ಟಿ ಮಾಡಿ" ಎಂದು ಉಪದೇಶ ಕೊಟ್ಟೆವು. ಒಂಬತ್ತನೇ ದಿನ ಅವರು ಮತ್ತೆ ಕುಡಿದರು. ಆಣೆ ಮುರಿದ ಮುಖವನ್ನು ನಮಗೆ ತೋರಿಸಲಾರದೆ ಆ ಹೋಟೆಲನ್ನೇ ಬಿಟ್ಟರು. ಮತ್ತೊಂದು, ಮಗದೊಂದು ಹೋಟೆಲಿಗೆ ಹೋದರು. ಬೀದಿಯಲ್ಲಿ ನಮ್ಮನ್ನು ಕಂಡರೆ ಎದುರು ಫುಟ್‌ಪಾತಿಗೆ ದಾಟುತ್ತಿದ್ದರು. ಮೂರನೇ ವರ್ಷ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಂಡರು. ಹೆಣವನ್ನು ಊರಿಗೆ ಕಳುಹಿಸಲು ನಾವು ಚಂದಾ ಎತ್ತಿದೆವು. ಅಂದು ಸಮಿತಿಯ ಎಲ್ಲರೂ ಕೊಟ್ಟರು, ಧಾರಾಳವಾಗಿ ಕೊಟ್ಟರು. ಕುಡುಕನ ಹೆಣಕ್ಕೆ ಹಣ ಕೊಟ್ಟರೆ ಸಂಘದ ಹೆಸರು ಕೆಡುತ್ತದೆಂದು ಅಂದು ಯಾರೂ ಹೇಳಲಿಲ್ಲ. ಸತ್ತವನಿಗೆ ಚಂದಾ ಕೊಡುವ ಸಂಘ ಬದುಕಬೇಕೆನ್ನುವವನಿಗೆ ಕೋಣೆ ಕೊಡದು!

ಅವರನ್ನು ಕೊಂದದ್ದು ಕುಡಿತ, ನಿಜ. ಆದರೆ ನಮ್ಮ ಆಣೆ ಅವರನ್ನು ನಮ್ಮಿಂದ ದೂರ ಓಡಿಸಿತು ಎಂಬುದೂ ನಿಜ. ಕಾಯಿಲೆಯವನಿಗೆ ಔಷಧಿ ಕೊಡುವ ಬದಲು ಪ್ರಮಾಣವಚನ ಕೊಟ್ಟೆವು. ಇದನ್ನು ಕಾಯಿಲೆಯೆನ್ನುವುದು ನಮ್ಮ ಸ್ವಂತ ಕಲ್ಪನೆಯಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಮದ್ಯದ ದುರ್ಬಳಕೆಯಿಂದ ಬರುವ ಮನಸ್ಸಿನ ತೊಂದರೆಗಳನ್ನು ರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಕಾಯಿದೆ ರೋಗಿಯೆಂದು ಕರೆಯುವವನನ್ನು ನಮ್ಮ ಸಮಿತಿ ಅಡ್ಡೆಯವನೆಂದು ಕರೆಯುತ್ತದೆ.

ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ವೈದ್ಯರು ದೇಶವಿಡೀ ನಡೆಸಿದ ಸಮೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕುಡಿತದ ಹಿಡಿತಕ್ಕೆ ಪೂರ್ತಿ ಸಿಕ್ಕಿಬಿದ್ದವರು ಸುಮಾರು 2.9 ಕೋಟಿ ಜನ. ಅವರಲ್ಲಿ ಯಾವುದೇ ಬಗೆಯ ನೆರವು ಸಿಕ್ಕಿದವರು 38 ಜನರಲ್ಲಿ ಒಬ್ಬರು. ಉಳಿದ 37 ಜನ ಎಲ್ಲಿದ್ದಾರೆ? ನಮ್ಮ ಹೋಟೆಲಿನ ಅಟ್ಟದ ಮೇಲಿದ್ದಾರೆ, ಚಾಳಿನ ಖೋಲಿಯಲ್ಲಿದ್ದಾರೆ, ಸಂಘದ ಸದಸ್ಯತ್ವದ ಪುಸ್ತಕದಲ್ಲಿಯೂ ಇದ್ದಾರೆ.

ಇನ್ನು ಈ ಸಭೆ ಎಂದರೇನು? ನಮ್ಮ ಸಮಿತಿಯವರಲ್ಲಿ ಒಬ್ಬರೂ ನೋಡಿದವರಲ್ಲ. ನಾವು ನೋಡಿದ್ದೇವೆ. ಅರ್ಜಿ ಬರೆದ ನಾಲ್ವರಲ್ಲಿ ಅಡುಗೆಯವರನ್ನು ಮೊದಲ ಸಲ ಕರೆದುಕೊಂಡು ಹೋದವರು ನಾವೇ.

ಹುಡುಕುವುದೇ ಒಂದು ಸಾಹಸವಾಯಿತು. ಆಸ್ಪತ್ರೆಯ ಗೋಡೆಯ ಮೇಲೆ ಅಂಟಿಸಿದ್ದ ಚೀಟಿಯ ನಂಬರಿಗೆ ಫೋನು ಮಾಡಿದೆವು. ಆ ಕಡೆಯ ಮನುಷ್ಯ ಹೆಸರು ಕೇಳಲಿಲ್ಲ. ಎಲ್ಲಿ ಇರುವುದು, ಎಷ್ಟು ಹೊತ್ತಿಗೆ ಬಿಡುವು ಎಂದಷ್ಟೇ ಕೇಳಿ, ಮುನಿಸಿಪಲ್ ಶಾಲೆಯೊಂದರ ಗುರುತು ಹೇಳಿದ. ಹೋದೆವು. ಬಾಗಿಲಲ್ಲಿ ಬೋರ್ಡು ಕಾಣಲಿಲ್ಲ. ಅಡುಗೆಯವರು ಎರಡು ಸಲ ಗೇಟಿನವರೆಗೆ ಹೋಗಿ ಹಿಂದೆ ಬಂದರು. "ಇವತ್ತು ಬೇಡ, ನಾಳೆ ಬರುವ" ಎಂದರು. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಬಂದು "ಸಭೆಗೆ ಬಂದಿರಾ? ಬನ್ನಿ, ಚಹಾ ಬಂದಿದೆ" ಎಂದು ಕರೆದೊಯ್ದರು.

ಒಳಗೆ ಮಕ್ಕಳ ಬೆಂಚುಗಳು. ಇಪ್ಪತ್ತು ಇಪ್ಪತ್ತೈದು ಜನ. ರಿಕ್ಷಾದವರು, ಗೋದಿಯ ಕೆಲಸಗಾರರು, ಒಬ್ಬ ಬ್ಯಾಂಕಿನವರು, ಒಬ್ಬ ಪೊಲೀಸ್ ಪೇದೆ. ಯಾರೂ ಭಾಷಣ ಮಾಡಲಿಲ್ಲ, ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಒಬ್ಬೊಬ್ಬರಾಗಿ ಎದ್ದು ಮೊದಲ ಹೆಸರು ಮಾತ್ರ ಹೇಳಿ, ತಾನೊಬ್ಬ ವ್ಯಸನಿಯೆಂದು ಒಪ್ಪಿಕೊಂಡು, ತನಗೆ ಏನಾಯಿತು, ಈಗ ಹೇಗೆ ದಿನ ತಳ್ಳುತ್ತಿದ್ದೇನೆ ಎಂದು ಹೇಳಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಜಾತಿ ಯಾವುದು, ಊರು ಯಾವುದು, ಧಣಿ ಯಾರು ಎಂದು ಕೇಳುವಂತಿಲ್ಲ. ಜೀವನವಿಡೀ ಕುಡಿಯುವುದಿಲ್ಲವೆಂದು ಯಾರೂ ಆಣೆ ಹಾಕಲಿಲ್ಲ. ಇವತ್ತೊಂದು ದಿನ ಮುಟ್ಟುವುದಿಲ್ಲ, ನಾಳೆಯದು ನಾಳೆಗೆ ಎಂದರು. ನಾಲ್ಕು ತಿಂಗಳು ಬಿಟ್ಟು ಮತ್ತೆ ಕುಡಿದು ಬಂದ ಒಬ್ಬನು ತಲೆ ತಗ್ಗಿಸಿ ಎದ್ದುನಿಂತ. ಅವನಿಗೆ ಸಿಕ್ಕಿದ್ದು ಚಪ್ಪಾಳೆ. ಮರಳಿ ಬಂದನಲ್ಲ ಎಂಬುದಕ್ಕೆ ಚಪ್ಪಾಳೆ. ನಮಗೆ ಆ ಕ್ಷಣ ದೋಸೆಯವರು ಎದುರು ಫುಟ್‌ಪಾತಿಗೆ ದಾಟಿದ್ದು ನೆನಪಾಯಿತು. ಕೊನೆಗೆ ಒಂದು ಚೀಲ ಸುತ್ತಿತು. ಇದ್ದವರು ಹತ್ತೋ ಇಪ್ಪತ್ತೋ ಹಾಕಿದರು. ಹೊಸಬರು ಹಾಕಬೇಕಿಲ್ಲವೆಂದರು.

ಅಡುಗೆಯವರು ಅಂದು ಬಾಯಿ ಬಿಡಲಿಲ್ಲ. ಎರಡನೇ ಸಲವೂ ಇಲ್ಲ, ಮೂರನೇ ಸಲವೂ ಇಲ್ಲ. ಅಲ್ಲಿಯ ಮಾತು ಹಿಂದಿ, ಮರಾಠಿ. ಗಿರಾಕಿಗೆ "ಔರ್ ಕ್ಯಾ ಚಾಹಿಯೆ" ಎನ್ನುವಷ್ಟು ಹಿಂದಿ ನಮಗೆಲ್ಲ ಬರುತ್ತದೆ. ಮನೆಯ ಮರ್ಯಾದೆ ಹೋದ ಕಥೆ ಹೇಳುವಷ್ಟು ಬರುವುದಿಲ್ಲ. ಐದನೇ ಸಭೆಯಲ್ಲಿ ಎದ್ದು ಎರಡು ವಾಕ್ಯ ಹಿಂದಿಯಲ್ಲಿ ಹೇಳಿ ನಿಂತುಬಿಟ್ಟರು. "ನಿಮ್ಮ ಭಾಷೆಯಲ್ಲೇ ಹೇಳಿ" ಎಂದು ನಡೆಸುವವರೆಂದರು. ಆಮೇಲೆ ಕಾಲು ಗಂಟೆ ಕನ್ನಡದಲ್ಲೇ ಮಾತಾಡಿದರು. ನಮ್ಮೊಬ್ಬರನ್ನು ಬಿಟ್ಟರೆ ಅಲ್ಲಿ ಯಾರಿಗೂ ಒಂದು ಶಬ್ದ ತಿಳಿದಿರಲಾರದು. ಎಲ್ಲರೂ ಕೂತು ಕೇಳಿದರು. ಅಂದಿನಿಂದ ಇಂದಿನವರೆಗೆ ಅವರು ಕುಡಿದಿಲ್ಲ. ಹದಿನಾಲ್ಕು ತಿಂಗಳಾಯಿತು.

ಆ ನಾಲ್ವರು ಅರ್ಜಿ ಬರೆದದ್ದು ಇದಕ್ಕಾಗಿಯೇ. ಕನ್ನಡದಲ್ಲಿ ಹೇಳಿಕೊಳ್ಳಲು ಒಂದು ಜಾಗ ಬೇಕು. ಮತ್ತು ಹೊತ್ತಿನ ತೊಂದರೆ. ಹೆಚ್ಚಿನ ಸಭೆಗಳು ನಡೆಯುವುದು ಸಂಜೆ ಏಳರ ಮೇಲೆ. ಆ ಹೊತ್ತಿಗೆ ಹೋಟೆಲಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ನಮ್ಮವನಿಗೆ ಬಿಡುವಿರುವುದು ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಮೂರರಿಂದ ಐದರವರೆಗೆ. ಪರ್ಮಿಟ್ ರೂಮು ಆ ಹೊತ್ತಿಗೆ ತೆರೆದಿರುತ್ತದೆ. ಸಂಘದ ಕೋಣೆ ಮುಚ್ಚಿರುತ್ತದೆ. ಅವನು ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಈ ಕೂಟದ ಹಿನ್ನೆಲೆಯೂ ತಿಳಿದಿರಲಿ. ಇದರ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ರಬ್ಬರು ಕಾರಖಾನೆಗಳ ಊರಿನಲ್ಲಿ ಇಬ್ಬರು ಕುಡುಕರಿಂದ ಶುರುವಾಯಿತು. ಒಬ್ಬರು ಬಿಲ್ ವಿಲ್ಸನ್, ಷೇರು ವ್ಯಾಪಾರದಲ್ಲಿದ್ದವರು. ಇನ್ನೊಬ್ಬರು ಬಾಬ್ ಸ್ಮಿತ್, ಸರ್ಜನ್. ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ತಾಗುವಂತೆ ಬೇರೆ ಯಾರ ಮಾತೂ ತಾಗುವುದಿಲ್ಲವೆಂಬುದು ಅವರು ಕಂಡುಕೊಂಡ ಸತ್ಯ. ನಮ್ಮ ದೇಶದಲ್ಲಿ ಅದು ಬೇರು ಬಿಟ್ಟದ್ದು ಇದೇ ಮುಂಬಯಿಯಲ್ಲಿ, 1957ರಲ್ಲಿ. ಸೇರಲು ಫೀಸಿಲ್ಲ, ಫಾರಮಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆ ಒಂದಿದ್ದರೆ ಸಾಕು. ಹೊರಗಿನವರ ದುಡ್ಡನ್ನು ಅವರು ಮುಟ್ಟುವುದಿಲ್ಲ; ಖರ್ಚೆಲ್ಲ ಚೀಲದ ಚಿಲ್ಲರೆಯಿಂದಲೇ. ಅದಕ್ಕೇ ನಮ್ಮ ನಾಲ್ವರು ಕೋಣೆಯನ್ನು ದಾನ ಕೇಳದೆ ಬಾಡಿಗೆಗೆ ಕೇಳಿದರು. ಯಾವ ಪಕ್ಷಕ್ಕೂ, ಮತಕ್ಕೂ, ಸಂಸ್ಥೆಗೂ ಅವರು ಅಂಟಿಕೊಳ್ಳುವುದಿಲ್ಲ. ಎಂದರೆ ಸಂಘದ ಹೆಸರನ್ನು ಅವರು ಬಳಸುವುದೇ ಇಲ್ಲ. ಕೆಡುವ ಮಾತೆಲ್ಲಿ ಬಂತು?

"ಇದರಿಂದ ಗುಣವಾಗುತ್ತದೆಂದು ಯಾರು ಹೇಳಿದರು?" ಎಂದು ಸಮಿತಿಯಲ್ಲಿ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಮಗೆ ಪರಿಚಯದ ಡಾಕ್ಟರೊಬ್ಬರನ್ನು ವಿಚಾರಿಸಿದೆವು. ಕೊಕ್ರೇನ್ ಎಂಬ ವೈದ್ಯಕೀಯ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, 10,565 ಜನರ ಲೆಕ್ಕವನ್ನು ಪರಿಶೀಲಿಸಿತಂತೆ. ಕುಡಿತವನ್ನು ಪೂರ್ತಿ ಬಿಟ್ಟು ನಿಲ್ಲುವ ವಿಷಯದಲ್ಲಿ, ಇಂಥ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತಂತೆ. ಎಲ್ಲರಿಗೂ ಆಗುತ್ತದೆಂದು ನಾವು ಹೇಳುವುದಿಲ್ಲ. ಹೋಗಿ ಬಿಟ್ಟವರೂ ಇದ್ದಾರೆ. ಆದರೆ ಆಣೆ, ಬೈಗುಳ, ಡಿಸ್ಮಿಸ್ ಇವುಗಳಿಂದ ಎಷ್ಟು ಜನ ಗುಣವಾದರೆಂದು ಸಮಿತಿಯವರು ಒಂದು ಹೆಸರಾದರೂ ಹೇಳಲಿ.

ಈಗ ಉಳಿದ ಆಕ್ಷೇಪಗಳಿಗೆ ಬರುತ್ತೇವೆ.

"ಅದು ಕ್ರಿಸ್ತರದು, ಪ್ರಾರ್ಥನೆ ಮಾಡಿಸುತ್ತಾರೆ" ಎಂಬುದೊಂದು. ಹುಟ್ಟಿದ್ದು ಕ್ರಿಸ್ತರ ನಾಡಿನಲ್ಲಿ. ಇಲ್ಲಿ ಚರ್ಚಿನ ಕೋಣೆಗಳಲ್ಲಿಯೂ ಸಭೆಗಳು ನಡೆಯುತ್ತವೆ. ದೇವರ ಮಾತು ಬರುತ್ತದೆ, ಅಲ್ಲವೆನ್ನುವುದಿಲ್ಲ. ಆದರೆ ಯಾವ ದೇವರೆಂದು ಅವರು ಹೇಳುವುದಿಲ್ಲ. ನಮ್ಮ ಅಡುಗೆಯವರು ಅಲ್ಲಿ ಕಣ್ಣು ಮುಚ್ಚಿ ನೆನೆಯುವುದು ಮಾರಣಕಟ್ಟೆಯ ಬ್ರಹ್ಮಲಿಂಗನನ್ನು. ದೇವರನ್ನು ನಂಬದ ನಮ್ಮ ಮಿಲ್ಲಿನ ಹಿರಿಯರು ಆ ಗುಂಪನ್ನೇ ತನಗಿಂತ ದೊಡ್ಡ ಶಕ್ತಿಯೆಂದು ತಿಳಿದು ಕೂರುತ್ತಾರೆ. ಮತ ಬದಲಾದದ್ದು ನಾವು ಕಂಡಿಲ್ಲ, ಚಟ ಬದಲಾದದ್ದು ಕಂಡಿದ್ದೇವೆ. ಇನ್ನು ನಮ್ಮವರ ದಾರಿಯೇ ಬೇಕೆಂದರೆ, ಮದ್ಯ ವಿಷ, ಅದನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದು ಸಾರಿದ ನಾರಾಯಣ ಗುರುಗಳ ಪಟವನ್ನು ಗೋಡೆಗೆ ತೂಗಿಸಿ ಪೂಜಿಸುವವರು ನಮ್ಮಲ್ಲೇ ಇದ್ದಾರೆ. ಊರಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ನವಜೀವನ ಸಮಿತಿಯೆಂದು ಸೇರಿಸಿ ಕೂರಿಸುತ್ತಾರೆ. ಅಲ್ಲಿಯೂ ಗುಟ್ಟು ಅದೇ: ಬಿಟ್ಟವರು ಒಟ್ಟಿಗೆ ಕೂರಬೇಕು, ಮತ್ತೆ ಮತ್ತೆ ಕೂರಬೇಕು. ರಜೆಯಲ್ಲಿ ಊರಿಗೆ ಹೋಗಿ ಶಿಬಿರದಲ್ಲಿ ಬಿಟ್ಟು ಬಂದವನು ಮುಂಬಯಿಯಲ್ಲಿ ಮತ್ತೆ ಹಿಡಿಯುವುದು ಇಲ್ಲಿ ಕೂರಲು ಜಾಗವಿಲ್ಲದ್ದರಿಂದಲೇ.

"ಸರಕಾರ ಸಾರಾಯಿ ಬಂದ್ ಮಾಡಲಿ" ಎಂಬುದು ಮತ್ತೊಂದು. ಈ ನಗರ ಅದನ್ನೂ ನೋಡಿದೆ. 1949ರ ಪಾನನಿಷೇಧ ಕಾಯಿದೆಯಿಂದ 1950ರಲ್ಲಿ ಇಲ್ಲಿ ಪೂರ್ತಿ ನಿಷೇಧ ಬಂತು. ಹಿಂದೆಯೇ ಕಳ್ಳಭಟ್ಟಿಯೂ ಬಂತು. ಆಮೇಲೆ ಸಡಿಲಿಸಿ ಪರ್ಮಿಟ್ ಕೊಟ್ಟರು. ಪರ್ಮಿಟ್ ರೂಮಿನ ಹೆಸರು ಅಲ್ಲಿಂದ ಬಂದದ್ದು. 2015ರ ಜೂನಿನಲ್ಲಿ ಮಲಾಡಿನ ಮಾಲವಣಿಯಲ್ಲಿ ಮಿಥೆನಾಲ್ ಬೆರೆತ ಕಳ್ಳು ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಬಡವರು ಸತ್ತರು. ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧಿಸಿದರು. ಪ್ಯಾಕೆಟು ಹೋಯಿತು, ಕ್ವಾರ್ಟರು ಉಳಿಯಿತು. ಸರಕಾರ ಏನು ಮಾಡಬೇಕೆಂಬುದು ಬೇರೆ ಹೋರಾಟ. ಅದು ಗೆಲ್ಲುವವರೆಗೆ ನಮ್ಮ ಅಟ್ಟದ ಮೇಲಿನವನು ಕಾದು ಕೂರಲಾರ.

"ಪಗಾರ ಹೆಚ್ಚಲಿ, ಎಂಟು ಗಂಟೆಯ ಕೆಲಸವಾಗಲಿ, ಕುಡಿತ ತಾನಾಗಿ ಹೋಗುತ್ತದೆ" ಎನ್ನುವವರು ನಮ್ಮ ಹೋರಾಟದ ಗೆಳೆಯರು. ಅವರ ಮೇಲೆ ನಮಗೆ ಗೌರವ ಹೆಚ್ಚು, ಆದುದರಿಂದ ಸಿಟ್ಟೂ ಹೆಚ್ಚು. ಹದಿನೆಂಟು ಗಂಟೆಯ ದುಡಿತವೇ ಬಾಟಲಿಗೆ ತಳ್ಳುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಪಗಾರ ತಡೆಹಿಡಿದು, ಮುಂಗಡ ಕೊಟ್ಟು, ಹಬ್ಬದ ದಿನ ಬಾಟಲಿ ಹಂಚಿ, ಆಮೇಲೆ ಕುಡುಕನೆಂದು ಬರಿಗೈಯಲ್ಲಿ ಹೊರದಬ್ಬುವ ಧಣಿಗಳನ್ನು ನಾವು ಬಿಟ್ಟವರಲ್ಲ. ಆದರೆ ನಮ್ಮ ಮಿಲ್ಲಿನ ಹಿರಿಯರನ್ನು ಕೇಳಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರಿಗೆ ಇಪ್ಪತ್ತು ವರ್ಷ. ಕೆಲಸ ಹೋಯಿತು, ಆ ಮೇಲಿನ ಖಾಲಿ ದಿನಗಳಲ್ಲಿ ಕುಡಿತ ಗಟ್ಟಿಯಾಯಿತು. ಅವರು ಹೇಳುವ ಮಾತಿದು: "ಹಸಿದಾಗ ಹಸಿವೆಗೆಂದು ಕುಡಿದೆ, ಬಾಕಿ ಹಣ ಕೈಗೆ ಬಂದಾಗ ಸಂತೋಷಕ್ಕೆಂದು ಕುಡಿದೆ." ಕಾರಣ ಹೋದರೂ ಕಾಯಿಲೆ ಹೋಗುವುದಿಲ್ಲ. ಬೋನಸ್ ದಿನದ ರಾತ್ರಿ ನಮ್ಮವರ ಹಣ ಎಲ್ಲಿಗೆ ಹೋಗುತ್ತದೆಂದು ಹೋರಾಟದ ಗೆಳೆಯರಿಗೂ ಗೊತ್ತು. ಮುಷ್ಕರದ ದಿನ ನಡುಗುವ ಕೈಯಿಂದ ಬಾವುಟ ಹಿಡಿಯಲಾದೀತೇ? ಕ್ವಾರ್ಟರಿಗೆ ಧಣಿಯ ಬಳಿ ಸಾಲ ಮಾಡಿದವನು ಧಣಿಯ ಎದುರು ಸಹಿ ಹಾಕಿಯಾನೇ?

"ಗುಟ್ಟು ಬಯಲಾದರೆ ಕೆಲಸ ಹೋಗುತ್ತದೆ" ಎಂದು ಹೆದರುವವರಿಗೆ ಒಂದು ಮಾತು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಆ ಸಭೆಯ ಮೊದಲ ಮರ್ಯಾದೆ. ನೀವು ಕುಡಿಯುತ್ತೀರೆಂಬ ಗುಟ್ಟು ಧಣಿಗೂ ಗಿರಾಕಿಗೂ ಆಗಲೇ ಗೊತ್ತಿದೆ, ಬಂಧುಗಳೇ. ಬಿಡಲು ಹೊರಟಿದ್ದೀರೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಇನ್ನು ಕೋಣೆ ಸಿಗುವವರೆಗೆ ಸುಮ್ಮನೆ ಕೂರಬೇಡಿ. ಹೀಗೆ ಮಾಡಿ.

ದಿನವೂ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಪ್ರಾಣವೂ ಹೋಗಬಹುದು. ಮೊದಲು ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದ ಡಾಕ್ಟರಿಗೆ ತೋರಿಸಿ. ಸಭೆ ಔಷಧಿಯ ಬದಲಿಗಲ್ಲ, ಔಷಧಿಯ ಜೊತೆಗೆ.

ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕರೆಗೆ ಹಣವಿಲ್ಲ. ಎ.ಎ.ಯವರ ಭಾರತದ ಕಚೇರಿ ಮುಂಬಯಿಯಲ್ಲೇ ಇದೆ. ಯಾವ ವಾರ, ಯಾವ ಬಡಾವಣೆ, ಎಷ್ಟು ಹೊತ್ತಿಗೆ ಎಂಬ ಪಟ್ಟಿ ಅವರಲ್ಲಿ ಸಿಗುತ್ತದೆ. ಪುಣೆಯಲ್ಲಿರುವ ನಮ್ಮವರು 1986ರಲ್ಲಿ ಅನಿತಾ ಮತ್ತು ಅನಿಲ್ ಅವಚಟ್ ದಂಪತಿಗಳು ಶುರು ಮಾಡಿದ ಮುಕ್ತಾಂಗಣವನ್ನು ವಿಚಾರಿಸಬಹುದು, ಚೆನ್ನೈಯವರು ಟಿ.ಟಿ. ರಂಗನಾಥನ್ ಹೆಸರಿನ ಕೇಂದ್ರವನ್ನು. ಊರಿಗೆ ಹೋಗುವವರು ಬೆಂಗಳೂರಿನ ನಿಮ್ಹಾನ್ಸನ್ನು.

ಪಟ್ಟಿಯಲ್ಲಿ "ಓಪನ್" ಎಂದಿದ್ದರೆ ಜೊತೆಗೆ ಯಾರೂ ಬರಬಹುದು. "ಕ್ಲೋಸ್ಡ್" ಎಂದಿದ್ದರೆ ಕುಡಿತದ ತೊಂದರೆ ಇರುವವರು ಮಾತ್ರ. ಮೊದಲ ಸಲ ಓಪನ್ ಸಭೆಗೆ ಹೋಗಿ, ಗೆಳೆಯನನ್ನು ಕರೆದುಕೊಂಡು ಹೋಗಿ. ಮಾತಾಡಲೇಬೇಕೆಂದಿಲ್ಲ. ಒಂದು ಜಾಗ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದು ಹೋಟೆಲಿನ ಸಾಂಬಾರು ರುಚಿಸದಿದ್ದರೆ ಊಟವನ್ನೇ ಬಿಡುತ್ತೇವೆಯೇ? ಮೊದಲ ಮೂರು ತಿಂಗಳು ಸಾಧ್ಯವಾದಷ್ಟು ಹೆಚ್ಚು ಸಲ ಹೋಗಿ. ಹಳಬರೊಬ್ಬರ ಫೋನ್ ನಂಬರು ಬರೆದುಕೊಂಡು, ಕುಡಿಯಬೇಕೆನಿಸಿದಾಗ ಬಾಟಲಿಗಿಂತ ಮೊದಲು ಫೋನು ಎತ್ತಿ. 2020ರ ಕೊರೋನಾ ಕಾಲದಿಂದ ಮೊಬೈಲಿನಲ್ಲಿ ಸೇರುವ ಸಭೆಗಳೂ ಹೆಚ್ಚಿವೆ. ಅಟ್ಟದ ಮೇಲೆ ಕೂತೇ ಕೇಳಬಹುದು. ಕುಡುಕರ ಹೆಂಡಂದಿರು, ಮನೆಯವರು ಸೇರುವ ಅಲ್-ಅನಾನ್ ಎಂಬ ಬೇರೆ ಕೂಟವೂ ಉಂಟು, 1951ರಲ್ಲಿ ಶುರುವಾದದ್ದು. ಏಟು ತಿಂದವರಿಗೂ ಹೇಳಿಕೊಳ್ಳುವ ಜಾಗ ಬೇಡವೇ?

ಈಗ ಸಂಘದ ಮುಂದೆ ನಮ್ಮ ಬೇಡಿಕೆಗಳು:

1. ವಾರಕ್ಕೆ ಎರಡು ಮಧ್ಯಾಹ್ನ ಕೋಣೆಯನ್ನು ಬಾಡಿಗೆಗೆ ಕೊಡಬೇಕು. ಆ ಹೊತ್ತಿನಲ್ಲಿ ಸಮಿತಿಯವರು ಇಣುಕಬಾರದು.

2. ಎಲ್ಲ ಬಡಾವಣೆಗಳ ಸಭೆಗಳ ಹೊತ್ತು-ಜಾಗದ ಪಟ್ಟಿಯನ್ನು ಸಂಘದ ಬೋರ್ಡಿನಲ್ಲಿಯೂ ಈ ಪತ್ರಿಕೆಯಲ್ಲಿಯೂ ಹಾಕಬೇಕು.

3. ಮೊದಲ ಸಲ ಹೋಗುವವನ ಜೊತೆ ಒಬ್ಬ ಕಾರ್ಯಕರ್ತ ಹೋಗಬೇಕು. ಗೇಟಿನಿಂದ ಹಿಂದೆ ಬರುವವರು ಬಹಳ.

4. ಧಣಿಗಳೊಂದಿಗೆ ಮಾಡುವ ಕರಾರಿನಲ್ಲಿ, ಕುಡಿತದ ಚಿಕಿತ್ಸೆಗೆ ಹೋದವನನ್ನು ಕೆಲಸದಿಂದ ತೆಗೆಯಬಾರದೆಂದು ಬರೆಸಬೇಕು. ಸಭೆಯ ದಿನ ಮಧ್ಯಾಹ್ನದ ಬಿಡುವನ್ನು ಕಸಿಯಬಾರದೆಂದೂ ಬರೆಸಬೇಕು.

5. ಸ್ಮರಣ ಸಂಚಿಕೆಗೆ ಬಾರಿನ ಜಾಹೀರಾತು ನಿಲ್ಲಬೇಕು. ನಷ್ಟವಾಗುವ ಹಣವನ್ನು ನಾವು ಸದಸ್ಯರಿಂದ ಎತ್ತಿಕೊಡುತ್ತೇವೆ. ಹೆಣಕ್ಕೆ ಎತ್ತುವುದಕ್ಕಿಂತ ಅದು ಸುಲಭ.

ನಮ್ಮ ಹಿರಿಯರು ಹೋಟೆಲಿನ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡದ ರಾತ್ರಿ ಶಾಲೆಗಳನ್ನು ಕಟ್ಟಿದರು. ಹಗಲು ಕಪ್ಪು ತೊಳೆದವನು ರಾತ್ರಿ ಪಾಠ ಕಲಿತು ವಕೀಲನಾದ, ಗುಮಾಸ್ತನಾದ. ಅಂದೂ ಕೆಲವರು ನಕ್ಕಿರಬೇಕು, ಮಾಣಿಗಳಿಗೆ ಶಾಲೆಯೇ ಎಂದು. ಆ ಹಿರಿಯರು ದುಡಿಯುವವನ ಬಿಡುವಿನ ಹೊತ್ತನ್ನು ನೋಡಿ ಬಾಗಿಲು ತೆರೆದರು. ನಾವು ಕೇಳುತ್ತಿರುವುದೂ ಅಷ್ಟೇ.

ಅರ್ಜಿ ತಿರಸ್ಕೃತವಾದ ಮೇಲೆ ಆ ನಾಲ್ವರು ಸುಮ್ಮನಾಗಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮೂರೂವರೆಗೆ ಸಂಘದ ಕಟ್ಟಡದ ಎದುರಿನ ಮೈದಾನದಲ್ಲಿ, ಗೋಡೆಯ ನೆರಳಿನಲ್ಲಿ ಕೂರುತ್ತಿದ್ದಾರೆ. ಕಳೆದ ಶುಕ್ರವಾರ ಏಳು ಜನ ಇದ್ದರು. ಹೊಸ ಮೂವರಲ್ಲಿ ಒಬ್ಬ ಇಪ್ಪತ್ತೆರಡು ವರ್ಷದ ಹುಡುಗ; ಕೈ ನಡುಗುತ್ತಿತ್ತು. ಮಳೆಗಾಲ ಬರುತ್ತಿದೆ. ಮೈದಾನದಲ್ಲಿ ಕೂರಲಾಗದು. ಆ ಹುಡುಗ ಅಂದು ಎಲ್ಲಿಗೆ ಹೋಗುತ್ತಾನೆ?

ಮುಂದಿನ ತಿಂಗಳು ವಾರ್ಷಿಕ ಮಹಾಸಭೆ. ಈ ಅರ್ಜಿಯನ್ನು ಅಲ್ಲಿ ಮತ್ತೆ ಮಂಡಿಸುತ್ತೇವೆ. ಹೋಟೆಲಿನವರು ಬದಲಿ ಹಾಕಿ ಬನ್ನಿ, ಕಾರಖಾನೆಯವರು ಪಾಳಿ ಬದಲಿಸಿ ಬನ್ನಿ. ಕುಡಿಯುವವರೂ ಬನ್ನಿ, ಬಿಟ್ಟವರೂ ಬನ್ನಿ, ಮುಟ್ಟದವರೂ ಬನ್ನಿ. ಬೀಗದ ಕೈ ಇರುವುದು ಕಾರ್ಯದರ್ಶಿಯವರ ಜೇಬಿನಲ್ಲಿ. ಅದನ್ನು ಅವರಿಗೆ ಕೊಟ್ಟವರು ನೀವು. ಕೈ ಎತ್ತಿ ಕೇಳಿ.

— ಸಂಘದ ಒಬ್ಬ ಕಾರ್ಯಕರ್ತ